ಮೆಚ್ಚುಗೆ ಸಾಲದು, ಮುಂಗಡ ಬೇಕು

ತುಳಸಿ ಮದುವೆ ಮುಗಿದು ಲಗ್ನದ ಹಂಗಾಮು ಶುರುವಾಯಿತೆಂದರೆ ದಾಬೋಲಿಮ್ ವಿಮಾನ ನಿಲ್ದಾಣದಲ್ಲಿ ಇಳಿಯುವವರ ಪೈಕಿ ಸಮುದ್ರ ನೋಡಲು ಬಂದವರ ಜೊತೆಗೆ ಮದುವೆಗೆ ಬಂದವರೂ ಸೇರಿಕೊಳ್ಳುತ್ತಾರೆ. ಪೋರ್ಚುಗೀಸರು 1950ರ ದಶಕದಲ್ಲಿ ಕಟ್ಟಿದ, 1961ರ ವಿಮೋಚನೆಯ ನಂತರ ನಮ್ಮ ನೌಕಾಪಡೆಯ ಕೈಗೆ ಬಂದ ನಿಲ್ದಾಣ ಇದು. 2023ರ ಜನವರಿಯಿಂದ ಉತ್ತರದ ಮೋಪಾದಲ್ಲಿ ಇನ್ನೊಂದು ನಿಲ್ದಾಣ ನಡೆಯುತ್ತಿದೆ. ಆದರೂ ದಕ್ಷಿಣ ಗೋವಾದ ಕಡಲಂಚಿನ ರೆಸಾರ್ಟುಗಳಿಗೆ ದಾಬೋಲಿಮ್ಮೇ ಹತ್ತಿರ. ಊರು ಬಿಟ್ಟು ಇಲ್ಲಿಗೆ ಬಂದು ಮದುವೆ ಮಾಡುವ ಕುಟುಂಬಗಳು ತಿಂಗಳುಗಟ್ಟಲೆ ಮೊದಲೇ ಫೋನಿನಲ್ಲಿ ಚಿತ್ರಗಳನ್ನು ಕೂಡಿಟ್ಟುಕೊಂಡಿರುತ್ತವೆ. ಬಿದಿರಿನ ದೀಪದ ಗೂಡು, ಕಸೂತಿಯ ಅಂಚಿರುವ ಆಮಂತ್ರಣ, ಮಣ್ಣಿನ ಕುಡಿಕೆಯಲ್ಲಿ ಪಾಯಸ, ಅಜ್ಜಿಯ ಸೀರೆಯನ್ನು ನೆನಪಿಸುವ ಮಂಟಪದ ಪರದೆ. ಕೈಯಿಂದ ಮಾಡಿದ್ದು ಎಂಬ ಮಾತಿಗೆ ಈಗಿನ ಮದುವೆಗಳಲ್ಲಿ ಬಹಳ ಬೆಲೆಯಿದೆ, ಅದು ಸಂತೋಷದ ವಿಷಯ. ಆದರೆ ಚಿತ್ರದಲ್ಲಿ ಮೆಚ್ಚಿದ್ದನ್ನು ಮಂಟಪದಲ್ಲಿ ನಿಲ್ಲಿಸುವ ಹೊತ್ತಿಗೆ ಬಿದಿರಿನ ಜಾಗಕ್ಕೆ ಬಣ್ಣ ಬಳಿದ ಪ್ಲಾಸ್ಟಿಕ್, ಕಸೂತಿಯ ಜಾಗಕ್ಕೆ ಕಂಪ್ಯೂಟರ್ ಎಂಬ್ರಾಯ್ಡರಿ, ಹೂವಿನ ಜಾಗಕ್ಕೆ ಬಟ್ಟೆಯ ಹೂ ಬಂದು ಕೂತಿರುತ್ತವೆ. ಕಾರಣ ಸರಳ. ಚಿತ್ರ ಕೂಡಿಡಲು ಆರು ತಿಂಗಳು ಸಿಕ್ಕಿತ್ತು, ಮಾಡುವವರಿಗೆ ಹೇಳಲು ಆರು ದಿನವೂ ಉಳಿದಿರಲಿಲ್ಲ. ಕೈಕಸುಬನ್ನು ಉಳಿಸುವುದು ಯಾವುದು ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಮೆಚ್ಚುಗೆಯೊಂದರಿಂದಲೇ ಯಾವ ಕಸುಬೂ ಉಳಿದಿಲ್ಲ. ದಿನ ಗೊತ್ತಿರುವ, ವರ್ಷ ವರ್ಷವೂ ತಪ್ಪದೆ ಬರುವ ಬೇಡಿಕೆ ಇದ್ದ ಕಸುಬು ಉಳಿದಿದೆ, ಅದು ನಿಂತಲ್ಲಿ ಕಸುಬೂ ನಿಂತಿದೆ. ಅಂಥ ಬೇಡಿಕೆಯನ್ನು ನಮ್ಮ ನಾಡಿನಲ್ಲಿ ಹುಟ್ಟಿಸುತ್ತ ಬಂದದ್ದು ಮದುವೆ ಮತ್ತು ಹಬ್ಬ.

ಇದಕ್ಕೆ ಮೊದಲ ಸಾಕ್ಷಿ ದಾಬೋಲಿಮ್‌ನ ಪಕ್ಕದಲ್ಲೇ ಸಿಗುತ್ತದೆ. ನಿಲ್ದಾಣವಿರುವ ಪ್ರಸ್ಥಭೂಮಿಯ ಕೆಳಗೆ, ಜುವಾರಿ ನದಿ ಕಡಲು ಸೇರುವಲ್ಲಿ, ಚಿಕಾಲಿಮ್ ಕೊಲ್ಲಿ ಇದೆ. ಆ ಕೊಲ್ಲಿಯ ಕೆಸರಿನಲ್ಲಿ ಚಪ್ಪಟೆಯಾದ, ಹೆಚ್ಚುಕಡಿಮೆ ದುಂಡನೆಯ ಒಂದು ಚಿಪ್ಪುಜೀವಿ ಬೆಳೆಯುತ್ತದೆ. ಅದರ ಚಿಪ್ಪು ಎಷ್ಟು ತೆಳುವೆಂದರೆ ಬಿಸಿಲಿಗೆ ಹಿಡಿದರೆ ಬೆಳಕು ಹಾಲಿನ ಬಣ್ಣಕ್ಕೆ ತಿರುಗಿ ಈಚೆ ಬರುತ್ತದೆ. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಗೋವಾದ ಮನೆಗಳು, ಚರ್ಚುಗಳು ಈ ಚಿಪ್ಪುಗಳನ್ನೇ ಕಿಟಕಿಗೆ ಬಳಸಿದವು. ಅಂಚನ್ನು ಕತ್ತರಿಸಿ ಚೌಕ ಮಾಡಿ, ಮರದ ತೆಳು ಪಟ್ಟಿಗಳ ಚೌಕಟ್ಟಿನಲ್ಲಿ ಸಾಲುಸಾಲಾಗಿ ಕೂರಿಸುತ್ತಿದ್ದರು. ಹೊರಗಿನ ಸುಡುಬಿಸಿಲು ಒಳಗೆ ತಂಪು ಬೆಳಕಾಗಿ ಬರುತ್ತಿತ್ತು, ಒಳಗಿದ್ದವರು ಹೊರಗಿನವರಿಗೆ ಕಾಣುತ್ತಿರಲಿಲ್ಲ. ಹಳೆಯ ಮನೆಗಳಲ್ಲಿ ಇಂಥ ಕಿಟಕಿಗಳು ಈಗಲೂ ಇವೆ, ಹೋದವರೆಲ್ಲ ಅವುಗಳ ಫೋಟೊ ತೆಗೆಯುತ್ತಾರೆ. ಗೋವಾದ ವಿನ್ಯಾಸ ಎಂದರೆ ನೆನಪಾಗುವ ಕೆಲವೇ ಚಿತ್ರಗಳಲ್ಲಿ ಇದೂ ಒಂದು. ಹಾಗಿದ್ದೂ ಈ ಕಿಟಕಿ ಕಟ್ಟುವ ಕೆಲಸ ರೂಢಿಯಿಂದ ಹೋಯಿತು. ಅಗ್ಗದ ಗಾಜು ಬಂತು, ಹೊಸ ಮನೆಗಳು ಚಿಪ್ಪನ್ನು ಕೇಳುವುದನ್ನು ಬಿಟ್ಟವು. ಕಿಟಕಿ ಎಂಬುದು ಒಮ್ಮೆ ಕೂರಿಸಿದರೆ ತಲೆಮಾರಿಗೆ ಆಗುವ ವಸ್ತು. ಅದನ್ನು ಮತ್ತೆ ಮತ್ತೆ ಕೇಳಲು ಯಾವ ಹಬ್ಬವೂ ಇರಲಿಲ್ಲ. ಅದನ್ನು ಈಗ ಮತ್ತೆ ಶುರುಮಾಡಬೇಕೆಂದು ನಾನು ಹೇಳುವುದಿಲ್ಲ. ಆ ಜೀವಿ ಇಂದು ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿದೆ, ಅದು ಕೊಲ್ಲಿಯಲ್ಲೇ ಬದುಕಿರಲಿ. ಕೈಯಿಂದ ಆದದ್ದೆಲ್ಲ ಮರಳಿ ಬರಲೇಬೇಕೆಂದೇನಿಲ್ಲ. ಕೋಟಿ ಕಣ್ಣುಗಳ ಮೆಚ್ಚುಗೆಯಿದ್ದರೂ ಒಂದು ಕಸುಬು ನಿಂತುಹೋಗಬಹುದು ಎಂಬುದಷ್ಟೇ ಇಲ್ಲಿ ಗಮನಿಸಬೇಕಾದ್ದು.

ಎರಡನೆಯ ಸಾಕ್ಷಿ ಕುಣಬಿ ಸೀರೆ. ಗೋವಾದ ಮೂಲ ಬೇಸಾಯಗಾರ ಸಮುದಾಯದ ಹೆಂಗಸರು ಉಡುತ್ತಿದ್ದ ಕೆಂಪು–ಬಿಳಿ ಚೌಕುಳಿಯ ಹತ್ತಿ ಸೀರೆ ಅದು. ಗದ್ದೆಯ ಕೆಸರಿನಲ್ಲಿ ನಡೆಯಲು ಅನುಕೂಲವಾಗುವಂತೆ ಮೊಣಕಾಲಿನ ತನಕ ಗಿಡ್ಡವಾಗಿ ಉಟ್ಟು, ಹೆಗಲ ಮೇಲೆ ಗಂಟು ಹಾಕುತ್ತಿದ್ದರು. ಗಿರಣಿ ಬಟ್ಟೆ ಅಗ್ಗವಾದಂತೆ, ಗದ್ದೆ ಕೆಲಸ ಕಡಿಮೆಯಾದಂತೆ ಉಡುವವರು ಹೋದರು, ನೇಯುವವರೂ ಹೋದರು. ವಸ್ತ್ರವಿನ್ಯಾಸಕ ವೆಂಡೆಲ್ ರೊಡ್ರಿಕ್ಸ್ ಇದನ್ನು ಮತ್ತೆ ನೇಯಿಸಿ 2010ರ ಸುಮಾರಿಗೆ ದೆಹಲಿಯ ಫ್ಯಾಷನ್ ವೇದಿಕೆಗೆ ತಂದರು. ಗೋವಾದ ಉಡುಗೆಯ ಚರಿತ್ರೆಯನ್ನು ‘ಮೋಡಾ ಗೋವಾ’ ಎಂಬ ಪುಸ್ತಕವಾಗಿ ಬರೆದರು. 2020ರಲ್ಲಿ ಅವರು ತೀರಿಕೊಂಡ ನಂತರವೂ ಆ ಸೀರೆಯ ಹೆಸರು ಉಳಿದಿದೆ. ಒಬ್ಬ ಮನುಷ್ಯ ಇಷ್ಟು ಮಾಡಿದ್ದು ಸಣ್ಣ ಕೆಲಸವೇನೂ ಅಲ್ಲ. ಆದರೂ ವೇದಿಕೆಯ ಬೆಳಕು ಒಂದು ಸಂಜೆಯದು. ನೇಕಾರನಿಗೆ ಬೇಕಾದದ್ದು ಈ ಮಳೆಗಾಲಕ್ಕೂ ಮುಂದಿನ ಮಳೆಗಾಲಕ್ಕೂ ಇಷ್ಟಿಷ್ಟು ಸೀರೆ ಬೇಕೆಂದು ಹೇಳಿ ನೂಲಿಗೆ ದುಡ್ಡು ಕೊಟ್ಟುಹೋಗುವವರು. ಗದ್ದೆಯ ಬದುಕಿನಿಂದ ಬಂದ ಬೇಡಿಕೆ ಒಣಗಿದ ಮೇಲೆ ಅದರ ಜಾಗಕ್ಕೆ ಇನ್ನೊಂದು ಬೇಡಿಕೆಯನ್ನು ತರಬೇಕು. ಅಂಥ ಬೇಡಿಕೆ ಮದುವೆಯಿಂದ ಬರಬಹುದು. ಬರುವ ನೆಂಟರಿಗೆ ಕೊಡುವ ಉಡುಗೊರೆಗೆ, ಮದುಮಗಳ ಅಕ್ಕತಂಗಿಯರು ಒಂದೇ ಬಗೆಯಲ್ಲಿ ಉಡುವ ಸೀರೆಗೆ ಇದಕ್ಕಿಂತ ಚೆಲುವಾದ ಬಟ್ಟೆ ಗೋವಾದಲ್ಲಿ ಸಿಗಲಾರದು.

ಇದೇ ಗೋವಾದಲ್ಲಿ ಅಲುಗಾಡದೆ ಉಳಿದವುಗಳನ್ನೂ ನೋಡಬೇಕು. ಮದುವೆಗೆ ಮೊದಲು ಹುಡುಗಿಗೆ ಬಳೆ ತೊಡಿಸುವ ಚುಡೊ ಶಾಸ್ತ್ರ ಕ್ರೈಸ್ತರಲ್ಲೂ ಹಿಂದೂಗಳಲ್ಲೂ ಇದೆ. ಸಾಮಾನ್ಯವಾಗಿ ತಾಯಿಯ ತವರಿನಲ್ಲಿ, ಬಳೆಗಾರನನ್ನು ಮನೆಗೇ ಕರೆಸಿ, ಹಸಿರು–ಹಳದಿ ಗಾಜಿನ ಬಳೆಗಳನ್ನು ಕೈತುಂಬ ಇಡಿಸುತ್ತಾರೆ. ಕ್ರೈಸ್ತ ಮನೆಗಳಲ್ಲಿ ವಧೂವರರಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ರೋಸ್ ಶಾಸ್ತ್ರ ಉಂಟು, ನಮ್ಮ ಅರಿಶಿನ ಶಾಸ್ತ್ರದ ಹತ್ತಿರದ ನೆಂಟ ಅದು. ಬೀಗರ ಮನೆಗೆ ಕಳಿಸುವ ತಿಂಡಿಗಳಲ್ಲಿ ಕಡಲೆಬೇಳೆ ಮತ್ತು ತೆಂಗಿನ ದೊಸ್, ಬೊಲಿನ್ಯಾಸ್, ದೋದೊಲ್ ಬರುತ್ತವೆ. ಬೆಬಿಂಕಾದ ಕತೆಯಂತೂ ಹತ್ತಿರದಿಂದ ನೋಡುವಂಥದ್ದು. ತೆಂಗಿನ ಹಾಲು, ಮೊಟ್ಟೆಯ ಹಳದಿ, ಸಕ್ಕರೆ, ಹಿಟ್ಟು ಕಲಸಿದ ತೆಳು ಹಿಟ್ಟನ್ನು ಒಂದು ಸೌಟಿನಷ್ಟು ಪಾತ್ರೆಗೆ ಹೊಯ್ಯುತ್ತಾರೆ. ಬೆಂಕಿ ಇರಬೇಕಾದದ್ದು ಮೇಲೆ: ಮುಚ್ಚಳದ ಮೇಲೆ ತೆಂಗಿನ ಸಿಪ್ಪೆಯ ಕೆಂಡ ಹರಡಿ, ಆ ಪದರ ಕಂದುಬಣ್ಣಕ್ಕೆ ತಿರುಗುವವರೆಗೆ ಕಾಯಬೇಕು. ಆಮೇಲೆ ತುಪ್ಪ ಸವರಿ ಮುಂದಿನ ಸೌಟು. ಏಳು ಪದರವಾದರೂ ಆಗಬೇಕು, ಹದಿನಾರರ ತನಕ ಹೋಗುವವರೂ ಇದ್ದಾರೆ. ಒಂದು ಪದರ ಬೇಯದೆ ಇನ್ನೊಂದನ್ನು ಹೊಯ್ದರೆ ಎರಡೂ ಕೂಡಿ ಮುದ್ದೆಯಾಗುತ್ತವೆ, ಹೆಚ್ಚು ಕಾದರೆ ಕಹಿಯಾಗುತ್ತದೆ. ಅಂದರೆ ಒಬ್ಬರು ಅರ್ಧ ದಿನ ಒಲೆಯ ಮುಂದಿಂದ ಏಳುವಂತಿಲ್ಲ. ಇಷ್ಟು ತಾಳ್ಮೆ ಬೇಡುವ ತಿನಿಸು ಈ ಅವಸರದ ಕಾಲದಲ್ಲಿ ಎಂದೋ ಮರೆಯಾಗಬೇಕಿತ್ತು. ಆಗಲಿಲ್ಲ. ಕ್ರಿಸ್ಮಸ್ಸಿಗೆ ಬೇಕು, ಮದುವೆಗೆ ಬೇಕು, ನಾಮಕರಣಕ್ಕೆ ಬೇಕು. 2023ರಲ್ಲಿ ಬೆಬಿಂಕಾಕ್ಕೆ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ, ಸಿಕ್ಕಿತು. ಅದು ಹೆಸರಿಗೆ ಕಾವಲು ನಿಂತಿತು ನಿಜ. ಆದರೆ ತಿನಿಸನ್ನು ಅಲ್ಲಿಯವರೆಗೆ ತಂದು ಮುಟ್ಟಿಸಿದ್ದು ತಪ್ಪದೆ ಬರುವ ಆ ದಿನಗಳು. ಗಣೇಶ ಚೌತಿಯಲ್ಲಿ ದೇವರ ಮೇಲೆ ಕಟ್ಟುವ ಮಾಟೋಳಿಯೂ ಹಾಗೆಯೇ. ಮರದ ಚೌಕಟ್ಟಿಗೆ ಕಾಡಿನ ಕಾಯಿ, ಹಣ್ಣು, ಗೊಂಚಲುಗಳನ್ನು ಇಳಿಬಿಡುವ ಈ ಚಪ್ಪರ ಕಾರವಾರ, ಅಂಕೋಲೆಯ ಕಡೆಯವರಿಗೂ ಪರಿಚಿತ. ಯಾವ ಕಾಯಿ ಯಾವ ಗುಡ್ಡದ ಯಾವ ಮಗ್ಗುಲಲ್ಲಿ ಸಿಗುತ್ತದೆ ಎಂಬ ತಿಳಿವಳಿಕೆ ವರ್ಷಕ್ಕೊಮ್ಮೆ ಬೇಕಾಗುವುದರಿಂದಲೇ ತಲೆಯಿಂದ ತಲೆಗೆ ದಾಟುತ್ತಿದೆ.

ಘಟ್ಟ ಹತ್ತಿ ಈಚೆ ಬಂದರೂ ಇದೇ ಮಾತು. ಸಾಗರ, ಸೊರಬ ಸೀಮೆಯ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರ ಇಂದು ಕ್ಯಾಲೆಂಡರುಗಳಲ್ಲೂ ಹೋಟೆಲಿನ ಗೋಡೆಗಳಲ್ಲೂ ಕಾಣಿಸುತ್ತದೆ. ಆದರೆ ಅದು ಹುಟ್ಟಿದ್ದು ಮದುವೆಗಾಗಿ. ಮದುಮಕ್ಕಳನ್ನು ಕೂರಿಸುವ ಜಾಗದ ಹಿಂದಿನ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳುಪಿನಲ್ಲಿ, ಹುರಿದ ಅಕ್ಕಿಯ ಕಪ್ಪಿನಲ್ಲಿ, ಗುರಿಗೆ ಕಾಯಿಯ ಹಳದಿಯಲ್ಲಿ, ಪುಂಡಿನಾರಿನ ಕುಂಚ ಹಿಡಿದು ಗೆರೆ ಎಳೆಯುತ್ತಾರೆ. ಗೆರೆ ನೆಟ್ಟಗಿರಬೇಕು, ನಡುವಿನ ಅಂತರ ಒಂದೇ ಸಮ ಇರಬೇಕು, ಅಳತೆಪಟ್ಟಿ ಮಾತ್ರ ಇರುವುದಿಲ್ಲ. ಅದೇ ಸೀಮೆಯಿಂದ ಕುಮಟಾ, ಹೊನ್ನಾವರದವರೆಗೆ ಹರಡಿರುವ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಹೆಸರಾದವರು. ಬೆಂಡಿನಲ್ಲಿ ಬಾಸಿಂಗ ಮಾಡಿಕೊಡುವ ಕೈಗಳೂ ಅವರದೇ. ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು ಬಂದವರು ಇವರು ಎಂಬ ಪ್ರತೀತಿ ಹಿಂದಿನಿಂದಲೂ ಇದೆ. ಗಂಧದ ಪೆಟ್ಟಿಗೆ ಕೊಳ್ಳುವವರು ಅಪರೂಪಕ್ಕೆ ಬರುತ್ತಾರೆ, ಬಾಸಿಂಗ ಕೇಳುವವರು ಲಗ್ನದ ತಿಂಗಳು ಬಂತೆಂದರೆ ಬರುತ್ತಾರೆ. ಮೇದಾರರ ಮೊರಕ್ಕೆ ಗೌರಿ ಹಬ್ಬದ ಬಾಗಿನ, ಮದುವೆಯ ಬಾಗಿನ ಎರಡೂ ಆಸರೆ. ಅಕ್ಕಿಯನ್ನು ಈಗ ಯಾರೂ ಮನೆಯಲ್ಲಿ ಕೇರುವುದಿಲ್ಲ, ಮೊರದ ನಿತ್ಯದ ಕೆಲಸ ಮುಗಿದೇ ಹೋಗಿದೆ. ಆದರೂ ಭಾದ್ರಪದ ಬಂದಾಗ ಪೇಟೆಯ ಬೀದಿಯಲ್ಲಿ ಮೊರಗಳ ಅಟ್ಟಿ ಏಳುತ್ತದೆ. ಶಂಕರಪುರದ ಮಲ್ಲಿಗೆಯನ್ನೂ ಇಲ್ಲಿ ಸೇರಿಸಬೇಕು. ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕದಲ್ಲಿ ಬಾಳೆನಾರಿನಿಂದ ಕಟ್ಟಿ ಮಾರುವ ಆ ಹೂವಿನ ದರ ಲಗ್ನ, ಕೋಲ, ಜಾತ್ರೆಗಳಿಗೆ ತಕ್ಕಂತೆ ಏರಿಳಿಯುತ್ತದೆ. ಸಾವಿರಾರು ಮನೆಗಳ ಹಿತ್ತಲು ಆ ಏರಿಳಿತವನ್ನು ನಂಬಿದೆ.

ಪ್ರವಾಸಿಗಳು ಇಷ್ಟೊಂದು ಕೊಳ್ಳುತ್ತಾರಲ್ಲ, ಮದುವೆಯೇ ಯಾಕೆ ಬೇಕು ಎಂದು ಕೇಳಬಹುದು. ಇದಕ್ಕೆ ಉತ್ತರವನ್ನು ಗೋವಾದಲ್ಲಿರುವ ಕನ್ನಡ ನಾಡಿನ ಹೆಂಗಸರೇ ತಮ್ಮ ದುಡಿಮೆಯಿಂದ ತೋರಿಸುತ್ತಿದ್ದಾರೆ. ಹಿಪ್ಪಿಗಳು 1970ರ ದಶಕದಲ್ಲಿ ಶುರುಮಾಡಿದ ಅಂಜುನಾದ ಬುಧವಾರದ ಸಂತೆಯಲ್ಲಿ ಉತ್ತರ ಕರ್ನಾಟಕದಿಂದ ಬಂದ ಲಂಬಾಣಿ ಹೆಂಗಸರು ಕನ್ನಡಿ, ಕವಡೆ, ಬಣ್ಣದ ದಾರದ ಚೀಲಗಳನ್ನೂ ದಿಂಬಿನ ಚೀಲಗಳನ್ನೂ ಹರವಿಕೊಂಡು ಕೂರುತ್ತ ಬಂದಿದ್ದಾರೆ. ಗೋವಾದ ಎಷ್ಟೋ ಪ್ರವಾಸಿ ಚಿತ್ರಗಳಲ್ಲಿರುವ ಬಣ್ಣ ಇವರ ಬಟ್ಟೆಯದು. ಲಂಬಾಣಿ ತಾಂಡಾಗಳಲ್ಲಿ ಹುಡುಗಿ ತನ್ನ ಮದುವೆಗೆ ಬೇಕಾದ ಫೇಟಿಯಾ, ಕಾಂಚಳಿಗಳನ್ನು ತಾಯಿ ಅಜ್ಜಿಯರ ಜೊತೆ ಕೂತು ವರ್ಷಗಟ್ಟಲೆ ಹೊಲಿಯುವ ರೂಢಿಯಿತ್ತು. ಕೈ ಪಳಗುತ್ತಿದ್ದದ್ದು ಹಾಗೆ. ಸಂತೆಗೆ ಬರುವ ಎಷ್ಟೋ ಚೀಲಗಳು ಅಂಥ ಹಳೆಯ ಉಡುಪುಗಳನ್ನೇ ಕತ್ತರಿಸಿ ಮಾಡಿದವು. ಪ್ರವಾಸಿ ಒಮ್ಮೆ ಬರುತ್ತಾನೆ, ಚೌಕಾಸಿ ಮಾಡಿ ಒಂದು ಕೊಳ್ಳುತ್ತಾನೆ, ಹೋಗುತ್ತಾನೆ. ಅವನಿಗೆ ಅಗ್ಗದ್ದು ಸಾಕು, ಬೇಗ ಆದದ್ದು ಸಾಕು. ಮಳೆಗಾಲದಲ್ಲಿ ಅವನು ಬರುವುದೇ ಇಲ್ಲ. ಹಾಗಾಗಿ ಸಂತೆಯ ವ್ಯಾಪಾರ ಹೊಟ್ಟೆ ಹೊರೆಯಬಹುದು, ಕುಸುರಿಯನ್ನು ಬೆಳೆಸಲಾರದು. ಸಂಡೂರಿನಲ್ಲಿ ನಡೆದದ್ದು ಇದಕ್ಕಿಂತ ಬೇರೆ ಬಗೆಯದು. ಅಲ್ಲಿನ ಸಂಡೂರು ಕುಶಲ ಕಲಾ ಕೇಂದ್ರ 1980ರ ದಶಕದಿಂದ ಲಂಬಾಣಿ ಹೆಂಗಸರಿಗೆ ಬಟ್ಟೆ, ದಾರ ಕೊಟ್ಟು, ಹೊಲಿಸಿ, ಮಾರುಕಟ್ಟೆ ನೋಡಿಕೊಳ್ಳುತ್ತಿದೆ. ಆ ಹೊಲಿಗೆಗೆ ಜಿಐ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ–20 ಸಭೆಯ ಹೊತ್ತಿಗೆ ಇವರ 1,755 ಹೊಲಿಗೆಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. ದಾಖಲೆ ಒಂದು ದಿನದ ಸುದ್ದಿಯಾಯಿತು. ಅಷ್ಟು ಹೊಲಿಗೆ ಒಂದೆಡೆ ಸೇರಲು ಸಾಧ್ಯವಾದದ್ದು ಅದಕ್ಕೂ ಮೊದಲಿನ ನಾಲ್ಕು ದಶಕ ಯಾರೋ ತಪ್ಪದೆ ಕೆಲಸ ಕೊಡುತ್ತ ಬಂದದ್ದರಿಂದ.

ದುಬಾರಿಯಾಗುವುದಿಲ್ಲವೇ ಎಂಬುದು ಎಲ್ಲರೂ ಎತ್ತುವ ಆಕ್ಷೇಪ. ಆಗುತ್ತದೆ, ಆಗಲೇಬೇಕು. ಇಳಕಲ್ ಸೀರೆಯ ಒಡಲಿನ ಹಾಸೂ ಟೋಪ್‌ತೆನಿ ಸೆರಗಿನ ಹಾಸೂ ಬೇರೆ ಬೇರೆ, ಒಂದೊಂದು ಎಳೆಯನ್ನೂ ಕೊಂಡಿ ಹಾಕಿ ಜೋಡಿಸಬೇಕು. ಧಾರವಾಡದ ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ನೇಯ್ಗೆಯ ಎಳೆ ಎಣಿಸಿ ಗೋಪುರ, ತೇರು, ಆನೆ, ತುಳಸಿಕಟ್ಟೆ ಹಾಕುತ್ತಾರೆ. ಗಂವಟಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗಂವಟಿ, ಮುರ್ಗಿ ಎರಡೂ ಹಿಂದೆ ಮುಂದೆ ಒಂದೇ ರೀತಿ ಕಾಣಬೇಕು, ಎಲ್ಲೂ ಗಂಟು ಬೀಳಬಾರದು. ಒಂದು ಎಳೆ ತಪ್ಪಿ ಎಣಿಸಿದರೆ ಗೋಪುರದ ತುದಿ ಕೂಡುವುದಿಲ್ಲ, ಬಿಚ್ಚಿ ಮತ್ತೆ ಹಾಕಬೇಕು. ಇಷ್ಟು ಕೆಲಸಕ್ಕೆ ಯಂತ್ರದ ಹೊಲಿಗೆಯ ದರ ಕೇಳುವುದು ನ್ಯಾಯವಲ್ಲ. ಹಾಗೆಂದು ಮದುವೆಯ ಖರ್ಚು ಏರಲೇಬೇಕೆಂದೂ ಇಲ್ಲ. ಒಂದೇ ಸಂಜೆಗೆ ಕಟ್ಟಿ ರಾತ್ರಿಯೇ ಕೀಳುವ ಅಲಂಕಾರಕ್ಕೆ, ಯಾರೂ ಮನೆಗೆ ಒಯ್ದು ಬಳಸದ ಪ್ಲಾಸ್ಟಿಕ್ ಉಡುಗೊರೆಗೆ, ಮೇಜಿನ ಮೇಲೆ ಉಳಿದುಹೋಗುವ ಮೂವತ್ತು ಬಗೆಯ ಅಡುಗೆಗೆ ಹೋಗುವ ಹಣದಲ್ಲಿ ಒಂದಿಷ್ಟನ್ನು ಈ ಕಡೆ ತಿರುಗಿಸಿದರೆ ಸಾಕು. ಮಂಟಪವಿಡೀ ಕೈಕೆಲಸವಾಗಬೇಕಿಲ್ಲ. ಮದುಮಗಳ ಸೀರೆ, ಬಾಸಿಂಗ, ಹೂ, ಬಾಗಿನದ ಮೊರ, ಊಟದ ಕೊನೆಯ ಸಿಹಿ: ಇವಿಷ್ಟು ನಿಜವಾದ ಕೈಗಳಿಂದ ಬಂದರೆ ಉಳಿದದ್ದು ಹೇಗಿದ್ದರೂ ನಡೆದೀತು. ದುಡ್ಡಿಲ್ಲದವರ ಮದುವೆಗಳಲ್ಲೂ ಈ ವಸ್ತುಗಳು ಇದ್ದೇ ಇದ್ದವು ಎಂಬುದನ್ನು ನೆನೆಯಬೇಕು. ಹಸೆಗೋಡೆಗೆ ಬೇಕಾದ ಮಣ್ಣು, ಅಕ್ಕಿ, ನಾರು ಯಾವುದಕ್ಕೂ ಅಂಗಡಿಗೆ ಹೋಗಬೇಕಿರಲಿಲ್ಲ. ಕೈಯಿಂದ ಮಾಡಿದ್ದು ಶ್ರೀಮಂತರ ಷೋಕಿ ಎಂಬ ಮಾತು ಇತ್ತೀಚೆಗೆ ಹುಟ್ಟಿದ್ದು, ಅದನ್ನು ಒಪ್ಪಿಕೊಳ್ಳಬೇಕಾಗಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕಸುಬು ಉಳಿಯಲಿ ಎನ್ನುವವರು ಕಸುಬುದಾರರನ್ನು ಬಡತನದಲ್ಲೇ, ಹುಟ್ಟಿದ ಜಾತಿಯ ಕೆಲಸದಲ್ಲೇ ಉಳಿಸಲು ಹೊರಟಿದ್ದಾರೆಯೇ ಎಂಬುದು. ಈ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಲಾಗದು. 2019–20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ 31 ಲಕ್ಷಕ್ಕೂ ಹೆಚ್ಚು ಕುಟುಂಬಗಳು ಕೈಮಗ್ಗವನ್ನು ಅವಲಂಬಿಸಿವೆ. ಅವುಗಳಲ್ಲಿ ಸುಮಾರು ಮೂರನೇ ಎರಡರಷ್ಟು ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ಮಗ ಮಗ್ಗ ಬಿಟ್ಟು ಬೆಂಗಳೂರಿಗೋ ಗೋವಾಕ್ಕೋ ಹೊರಟರೆ ಅವನನ್ನು ತಪ್ಪೆನ್ನುವ ಹಕ್ಕು ನಮಗಿಲ್ಲ. ವಾಸ್ಕೋ, ಜುವಾರಿನಗರದ ಸುತ್ತ ಕಟ್ಟಡ, ಕಾರ್ಖಾನೆ, ಬಂದರಿನ ಕೆಲಸ ಹಿಡಿದಿರುವ ಬಾಗಲಕೋಟೆ, ವಿಜಯಪುರ, ಗದಗ ಕಡೆಯ ಕುಟುಂಬಗಳಲ್ಲಿ ನೇಯುವ, ಹೊಲಿಯುವ, ಹೆಣೆಯುವ ಕೈಗಳೂ ಇದ್ದಾವು. ಬಿಟ್ಟು ಹೋಗುವ ಸ್ವಾತಂತ್ರ್ಯ ಇರಲೇಬೇಕು. ಉಳಿಯಬೇಕೆಂದವರಿಗೆ ಉಳಿಯುವ ದಾರಿ ಇರಬೇಕು ಎಂಬುದಷ್ಟೇ ನನ್ನ ವಾದ. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಶುರುವಾದ ಅಖಿಲ ಭಾರತ ಕರಕುಶಲ ಮಂಡಳಿಯ ಮುಂದಾಳಾಗಿ ಊರೂರು ತಿರುಗಿದಾಗ ಎದುರಾದದ್ದೂ ಇದೇ ಸಮಸ್ಯೆ. ಅವರು ಕರಕುಶಲವನ್ನು ನಿತ್ಯದ ಬದುಕಿನ ಭಾಗವಾಗಿ ಕಂಡವರು. ಮಾರಾಟದ ಮಳಿಗೆ, ಸಹಕಾರ ಸಂಘ, ಕಚ್ಚಾವಸ್ತುವಿನ ಪೂರೈಕೆಗೆ ಅವರು ಗಮನ ಕೊಟ್ಟದ್ದು ಆ ಕಾರಣಕ್ಕೆ. ನೇಕಾರ ಬಡವನಾಗಿರುವುದಕ್ಕೆ ಅವನ ಕೈಯಲ್ಲಿ ಕಸುಬಿರುವುದು ಕಾರಣವಲ್ಲ. ಸಾಲ ಮಾಡಿ ನೂಲು ತಂದು, ನೇಯ್ದ ಮೇಲೆ ಕೊಳ್ಳುವವರಿಗಾಗಿ ಕಾದು, ಕೊನೆಗೆ ದಲ್ಲಾಳಿ ಹೇಳಿದ ದರಕ್ಕೆ ಕೊಟ್ಟುಬಿಡಬೇಕಾಗಿರುವುದು ಕಾರಣ. ಮದುವೆ ಮನೆಯವರು ಮೊದಲೇ ಹೇಳಿ ಮುಂಗಡ ಕೊಟ್ಟರೆ ಸಾಲ ತಪ್ಪುತ್ತದೆ, ಕಾಯುವುದು ತಪ್ಪುತ್ತದೆ, ದರ ಮಾತಾಡುವ ಬಲವೂ ಬರುತ್ತದೆ.

ಯಂತ್ರವೂ ಚೆಲುವಾದದ್ದನ್ನೇ ಮಾಡುತ್ತದಲ್ಲ, ವಿನ್ಯಾಸ ಒಂದೇ ಆಗಿರುವಾಗ ವ್ಯತ್ಯಾಸವೇನು ಎನ್ನುವವರೂ ಇದ್ದಾರೆ. ಯಂತ್ರದ ಬಟ್ಟೆಯಿಂದ ಬಡವರ ಮೈ ಮುಚ್ಚಿತು, ಅದರ ಮೇಲೆ ನನಗೆ ದ್ವೇಷವಿಲ್ಲ. ತಪ್ಪು ಇರುವುದು ಹೆಸರಿನಲ್ಲಿ. ಪವರ್‌ಲೂಮ್ ಸೀರೆಯನ್ನು ಕೈಮಗ್ಗದ್ದೆಂದು, ಅಚ್ಚು ಹಾಕಿದ ಚಿತ್ತಾರವನ್ನು ಬರೆದದ್ದೆಂದು ಮಾರಿದಾಗ ಕೊಂಡವರಿಗೂ ಮೋಸ, ಮಾಡಿದವರಿಗೂ ಮೋಸ. ಜಿಐ ಚೀಟಿಯಿಂದ ಹೆಸರಿಗೆ ಕಾನೂನಿನ ಬಲ ಬಂದರೂ ಪೇಟೆಯಲ್ಲಿ ಕೊಳ್ಳುವವರ ಕಣ್ಣೇ ಕೊನೆಯ ಕಾವಲು. ಕಸೂತಿಯಾದರೆ ಬಟ್ಟೆಯನ್ನು ತಿರುಗಿಸಿ ಹಿಂಬದಿ ನೋಡಿ: ಗಂಟು, ದಾರದ ಗೋಜಲು, ಅಂಟಿಸಿದ ಹಾಳೆ ಕಂಡರೆ ಅದು ಯಂತ್ರದ್ದು. ಇಳಕಲ್ಲಾದರೆ ಒಡಲೂ ಸೆರಗೂ ಕೂಡುವಲ್ಲಿ ಕೊಂಡಿಯ ಸಾಲನ್ನು ಬೆರಳಿನಿಂದ ಮುಟ್ಟಿ ನೋಡಿ. ಬೆಬಿಂಕಾ ಕತ್ತರಿಸಿದಾಗ ಪದರ ಪದರವಾಗಿ ಬಿಡಿಸಿಕೊಳ್ಳಬೇಕು, ಕೇಕಿನಂತೆ ಪುಡಿಯಾಗಬಾರದು.

ಉಳಿದದ್ದು ಸಮಯದ ಲೆಕ್ಕ. ಗೋವಾದಲ್ಲಿ ಮದುವೆ ಮಾಡಬೇಕೆಂದಿರುವ ಕನ್ನಡ ಮನೆಯವರು ಹೋಟೆಲಿನ ಕೋಣೆಗಳನ್ನು ಗೊತ್ತುಮಾಡುವ ವಾರವೇ ನೇಕಾರರಿಗೂ ಹೊಲಿಯುವವರಿಗೂ ಹೇಳಬೇಕು. ಡಿಸೆಂಬರಿನ ಮುಹೂರ್ತಕ್ಕೆ ಕಸೂತಿ ಸೀರೆ ಬೇಕಾದರೆ ಯುಗಾದಿಯ ಹೊತ್ತಿಗೆ ಬಟ್ಟೆ ಕೊಟ್ಟಿರಬೇಕು, ಇಳಕಲ್ಲಿಗೆ ಶ್ರಾವಣದೊಳಗೆ ಬಣ್ಣ ಹೇಳಿರಬೇಕು. ಬಾಸಿಂಗದ ಅಳತೆ ದೀಪಾವಳಿಗೆ ಮುಂಚೆ ಗುಡಿಗಾರರಿಗೆ ತಲುಪಿದರೆ ಸಾಕು. ಕುಣಬಿ ಚೌಕುಳಿ ಬೇಕೆನ್ನುವವರು ಗೋವಾದ ಕೈಮಗ್ಗದವರನ್ನು ಮಳೆಗಾಲದಲ್ಲೇ ಕೇಳಬೇಕು, ಪ್ರವಾಸಿಗಳಿಲ್ಲದ ಆ ತಿಂಗಳುಗಳಲ್ಲಿ ಅವರಿಗೆ ಕೆಲಸದ ಅಗತ್ಯವೂ ಹೆಚ್ಚು. ಮಾಟೋಳಿಯ ಮಾದರಿಯ ಚಪ್ಪರ ಕಟ್ಟಿಸುವುದಾದರೆ ಆ ಹಂಗಾಮಿನಲ್ಲಿ ಸಿಗುವ ಕಾಯಿ, ಎಲೆ, ಗೊನೆಗಳಿಂದಲೇ ಕಟ್ಟಿಸಿ, ಯಾವುದೆಂದು ಕಟ್ಟುವವರೇ ಹೇಳುತ್ತಾರೆ. ಬೆಬಿಂಕಾವನ್ನು ಮನೆಯಲ್ಲಿ ಮಾಡಿಕೊಡುವ ಹೆಂಗಸರು ಕ್ರಿಸ್ಮಸ್ ವಾರದಲ್ಲಿ ಹೊಸ ಕೆಲಸ ಹಿಡಿಯಲಾರರು, ಅವರಿಗೆ ನವೆಂಬರಿನಲ್ಲೇ ಎಷ್ಟು ಬೇಕೆಂದು ತಿಳಿಸಿ, ಅರ್ಧ ಹಣ ಕೈಗೆ ಕೊಟ್ಟಿರಬೇಕು.